ಒಂದೇ ಕೇಬಲ್ಲಿನಲ್ಲಿ ಎಂಟು ಮೈಕ್: ತಾಳ ಹಾಕುವವರು ಯಾರು?

ಪ್ರಶ್ನೆ: ನನ್ನ ಆಡಿಯೊ ಇಂಟರ್ಫೇಸಿನಲ್ಲಿ, ಅಂದರೆ ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಕಳುಹಿಸುವ ಪೆಟ್ಟಿಗೆಯಲ್ಲಿ, ಮೈಕ್ ಜೋಡಿಸಲು ನಾಲ್ಕು ಇನ್‌ಪುಟ್ ಮಾತ್ರ ಇವೆ. ಮನೆಯಲ್ಲಿಯೇ ಡ್ರಮ್ ಸೆಟ್ ರೆಕಾರ್ಡ್ ಮಾಡಬೇಕೆಂಬ ಆಸೆ. ಇಂಟರ್ಫೇಸಿನ ಹಿಂಭಾಗದಲ್ಲಿ ‘ಆಪ್ಟಿಕಲ್ ಇನ್’ ಎಂದು ಬರೆದ ಪುಟ್ಟ ಕಿಂಡಿಯೊಂದಿದೆ. ಅದರಿಂದ ಇನ್ನೂ ಎಂಟು ಮೈಕ್ ಸೇರಿಸಬಹುದು ಎನ್ನುತ್ತಾರೆ. ನಿಜವೇ? ಅಥವಾ ಇದನ್ನು ಮಾರಿ ದೊಡ್ಡದನ್ನೇ ಕೊಳ್ಳಲೇ?

ಉತ್ತರ: ಸದ್ಯಕ್ಕೆ ಮಾರಬೇಡಿ. ಮೊದಲು ಕೈಪಿಡಿ ತೆರೆದು, ಆ ಕಿಂಡಿ ಯಾವ ಭಾಷೆ ಮಾತನಾಡುತ್ತದೆ ಎಂದು ನೋಡಿ. ನೋಡಲು ಒಂದೇ ತೆರನಾಗಿರುವ, ಬೆಳಕಿನ ಮೂಲಕ ಧ್ವನಿ ಸಾಗಿಸುವ ಆಪ್ಟಿಕಲ್ ಸಾಕೆಟ್ಟಿನೊಳಗೆ ಎರಡು ಬೇರೆ ಬೇರೆ ವಿಧಾನಗಳು ಇರಬಹುದು. ಒಂದು ಎಸ್‌ಪಿಡಿಐಎಫ್, ಅಂದರೆ ಆಡುಮಾತಿನ ಸ್ಪಿಡಿಫ್. ಅದು ಒಯ್ಯುವುದು ಎರಡೇ ಚಾನೆಲ್. ಇನ್ನೊಂದು ಏಡ್ಯಾಟ್, ಅದು ಎಂಟು ಚಾನೆಲ್‌ಗಳನ್ನು 24 ಬಿಟ್‌ನಲ್ಲಿ ಒಯ್ಯುತ್ತದೆ. ಕೇಬಲ್ ಎರಡಕ್ಕೂ ಅದೇ. ಕೆಲವು ಇಂಟರ್ಫೇಸ್‌ಗಳಲ್ಲಿ ಯಾವುದು ಬೇಕೆಂದು ಸಾಫ್ಟ್‌ವೇರಿನಲ್ಲಿ ಆರಿಸಿಕೊಳ್ಳಬಹುದು, ಕೆಲವು ಸ್ಪಿಡಿಫ್ ಮಾತ್ರ ಬಲ್ಲವು. ನಿಮ್ಮದು ಆ ಕೊನೆಯ ಜಾತಿಯದಾದರೆ ಎಂಟು ಮೈಕಿನ ಆಸೆ ಅಲ್ಲಿಗೇ ಮುಗಿಯಿತು, ದೊಡ್ಡ ಇಂಟರ್ಫೇಸನ್ನೇ ನೋಡಬೇಕು.

ಏಡ್ಯಾಟ್ ಎಂಬುದು ಅಲೆಸಿಸ್ ಸಂಸ್ಥೆ 1991ರಲ್ಲಿ ಪ್ರಕಟಿಸಿದ ಎಂಟು ಟ್ರ್ಯಾಕ್‌ಗಳ ಡಿಜಿಟಲ್ ಟೇಪ್ ರೆಕಾರ್ಡರಿನ ಹೆಸರು. ಅದು ಎಸ್-ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟಿನ ಮೇಲೆ ಧ್ವನಿ ಮುದ್ರಿಸುತ್ತಿತ್ತು. ಆ ಯಂತ್ರ ಮೂಲೆ ಸೇರಿ ಬಹಳ ಕಾಲವಾಯಿತು. ಅದರ ಬೆನ್ನ ಹಿಂದಿದ್ದ ಬೆಳಕಿನ ಕೇಬಲ್ಲಿನ ಸಂಪರ್ಕ ಮಾತ್ರ ಇಂದಿಗೂ ಉಳಿದಿದೆ. ಪೆಟ್ಟಿಗೆಯ ಮೇಲೆ ‘18 ಇನ್‌ಪುಟ್’ ಎಂದು ಅಚ್ಚಾಗಿದ್ದರೂ ಮೈಕ್ ಸಿಕ್ಕಿಸುವ ತೂತುಗಳು ಎಂಟೇ ಇರುವುದು ಏಕೆಂಬ ಗೊಂದಲಕ್ಕೂ ಉತ್ತರ ಇಲ್ಲೇ ಇದೆ: ಉಳಿದ ಹತ್ತರಲ್ಲಿ ಎಂಟು ಏಡ್ಯಾಟಿನವು, ಎರಡು ಸ್ಪಿಡಿಫ್‌ನವು.

ನಿಮ್ಮ ಕಿಂಡಿ ಏಡ್ಯಾಟ್ ಬಲ್ಲದಾದರೆ, ಏಡ್ಯಾಟ್ ಔಟ್‌ಪುಟ್ ಇರುವ ಎಂಟು ಚಾನೆಲ್‌ನ ಮೈಕ್ ಪ್ರಿಆಂಪ್ (ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ಒಂದು ಸಾಕು. ಅದರ ‘ಆಪ್ಟಿಕಲ್ ಔಟ್’ನಿಂದ ನಿಮ್ಮ ‘ಆಪ್ಟಿಕಲ್ ಇನ್’ಗೆ ಒಂದು ಕೇಬಲ್ ಎಳೆದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಎಂಟು ಹೊಸ ಇನ್‌ಪುಟ್‌ಗಳು ಕಾಣುತ್ತವೆ. ಅವುಗಳ ಗೇನ್ (ಎಷ್ಟು ಹಿಗ್ಗಿಸಬೇಕೆಂಬ ಗುಂಡಿ) ಮತ್ತು ಕೆಲವು ಮೈಕ್‌ಗಳಿಗೆ ಬೇಕಾಗುವ 48 ವೋಲ್ಟಿನ ಫ್ಯಾಂಟಮ್ ಪವರ್ ಎರಡೂ ಪ್ರಿಆಂಪಿನ ಮೇಲೆಯೇ ಇರುತ್ತವೆ. ಇಂಟರ್ಫೇಸಿನ ಗುಂಡಿಗಳನ್ನು ಎಷ್ಟು ತಿರುಗಿಸಿದರೂ ಈ ಎಂಟಕ್ಕೆ ಏನೂ ಆಗುವುದಿಲ್ಲ.

ಜೋಡಣೆ ಇಷ್ಟು ಸುಲಭ. ಜನ ಎಡವುವುದು ಇದಾದ ಮೇಲೆ, ಕ್ಲಾಕ್ ವಿಷಯದಲ್ಲಿ.

48 ಕಿಲೋಹರ್ಟ್ಸ್ ಎಂದರೆ ಯಂತ್ರವು ಸೆಕೆಂಡಿಗೆ 48,000 ಬಾರಿ ಧ್ವನಿಯನ್ನು ಅಳೆಯುತ್ತದೆ. ಅಂಥ ಒಂದೊಂದು ಅಳತೆಯೇ ಒಂದು ಸ್ಯಾಂಪಲ್. ಈ ಎಣಿಕೆಯನ್ನು ನಡೆಸುವುದು ಒಳಗಿರುವ ಒಂದು ಹರಳು, ಅದೇ ಕ್ಲಾಕ್. ಎರಡು ಯಂತ್ರಗಳ ಹರಳುಗಳು ಎಂದಿಗೂ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಎಣಿಸುವುದಿಲ್ಲ. ವ್ಯತ್ಯಾಸ ಹತ್ತು ಲಕ್ಷದಲ್ಲಿ ಹತ್ತು ಪಾಲು ಎಂದಿಟ್ಟುಕೊಳ್ಳಿ. ಆಗ ಸುಮಾರು ಎರಡು ಸೆಕೆಂಡಿಗೊಮ್ಮೆ ಒಂದು ಸ್ಯಾಂಪಲ್ ಹೆಚ್ಚಾಗುತ್ತದೆ ಅಥವಾ ಕಡಿಮೆಯಾಗುತ್ತದೆ. ಸಂಗೀತ ಕಚೇರಿಯಲ್ಲಿ ಇಬ್ಬರು ತಮ್ಮ ತಮ್ಮ ಲೆಕ್ಕಕ್ಕೆ ತಾಳ ಹಾಕಿದಂತೆ. ಒಬ್ಬರು ಹಾಕಬೇಕು, ಇನ್ನೊಬ್ಬರು ಅದನ್ನು ಹಿಡಿಯಬೇಕು.

ಇದನ್ನು ನಾನು ಕಲಿತದ್ದು ಒಂದು ಪಿಯಾನೊ ರೆಕಾರ್ಡಿಂಗಿನಲ್ಲಿ. ಎರಡು ಯಂತ್ರಗಳೂ ‘ಇಂಟರ್ನಲ್’, ಅಂದರೆ ತಮ್ಮದೇ ಹರಳಿನ ಕ್ಲಾಕಿನಲ್ಲಿಯೇ ಇದ್ದವು. ಮೀಟರುಗಳು ಚೆನ್ನಾಗಿ ಏರಿಳಿಯುತ್ತಿದ್ದವು, ಧ್ವನಿಯೂ ಸೊಗಸಾಗಿ ಬರುತ್ತಿತ್ತು, ಯಾರಿಗೂ ಸಂಶಯ ಬರಲಿಲ್ಲ. ರಾತ್ರಿ ಹೆಡ್‌ಫೋನಿನಲ್ಲಿ ಕೇಳುವಾಗ, ಕೊನೆಯ ಸ್ವರ ಕರಗುತ್ತ ಹೋಗುವ ಜಾಗದಲ್ಲಿ ಉಗುರಿನಿಂದ ಗಾಜು ತಟ್ಟಿದಂಥ ಸಣ್ಣ ‘ಟಿಕ್’. ಸ್ವಲ್ಪ ಹೊತ್ತಿಗೆ ಮತ್ತೊಂದು. ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದರೆ ನುಣುಪಾದ ಗೆರೆಯ ನಡುವೆ ಒಂದು ಮೆಟ್ಟಿಲು. ಡ್ರಮ್ಮಿನ ಅಬ್ಬರದಲ್ಲಿ ಅಂಥ ಟಿಕ್‌ಗಳು ಅಡಗಿಕೊಳ್ಳುತ್ತವೆ. ಹಾಗಾಗಿಯೇ ನಿಮಗೆ ಒತ್ತಿ ಹೇಳುತ್ತಿದ್ದೇನೆ. ಮರುದಿನ ಆ ಕಲಾವಿದರನ್ನು ಮತ್ತೆ ಕರೆಸಿ ನುಡಿಸಿ ಎಂದು ಕೇಳಬೇಕಾಯಿತು.

ನಿಮ್ಮ ಇಂಟರ್ಫೇಸಿನಲ್ಲಿ ಆಪ್ಟಿಕಲ್ ಇನ್ ಮಾತ್ರ ಇದ್ದರೆ ತಾಳ ಹಾಕುವ ಕೆಲಸ ಪ್ರಿಆಂಪಿನದು. ಪ್ರಿಆಂಪನ್ನು ‘ಇಂಟರ್ನಲ್’ಗೆ ಇಡಿ. ಇಂಟರ್ಫೇಸಿನ ಕಂಟ್ರೋಲ್ ಸಾಫ್ಟ್‌ವೇರಿನಲ್ಲಿ ಕ್ಲಾಕಿನ ಮೂಲವನ್ನು ‘ಏಡ್ಯಾಟ್’ ಎಂದು ಬದಲಿಸಿ. ಏಡ್ಯಾಟ್ ಸಂಕೇತದೊಳಗೇ ಕ್ಲಾಕ್ ಬರುವುದರಿಂದ ಬೇರೆ ತಂತಿ ಬೇಡ. ‘ಲಾಕ್’ ಎಂಬ ದೀಪ ಮಿನುಗದೆ ಸ್ಥಿರವಾಗಿ ಹೊತ್ತಿಕೊಂಡ ಮೇಲೆಯೇ ರೆಕಾರ್ಡಿಂಗ್ ಶುರುಮಾಡಿ. ಪ್ರಿಆಂಪಿನ ಸ್ಯಾಂಪಲ್ ರೇಟ್ ಮತ್ತು ಸಾಫ್ಟ್‌ವೇರಿನ ಪ್ರಾಜೆಕ್ಟಿನದು ಒಂದೇ ಇರಲಿ. ಪ್ರಿಆಂಪ್ 48ರಲ್ಲಿ ಓಡುತ್ತಿದ್ದು ಪ್ರಾಜೆಕ್ಟ್ ಅದನ್ನು 44.1 ಎಂದು ಬರೆದುಕೊಂಡರೆ, ಮುಂದೆ ಕೇಳುವಾಗ ಹಾಡು ನಿಧಾನವಾಗಿ, ಸುಮಾರು ಒಂದೂವರೆ ಅರ್ಧಸ್ವರದಷ್ಟು ಇಳಿದು ಕೇಳಿಸುತ್ತದೆ.

ಆಪ್ಟಿಕಲ್ ಔಟ್ ಅಥವಾ ವರ್ಡ್ ಕ್ಲಾಕ್ ಔಟ್ (ಬರೀ ಕ್ಲಾಕನ್ನು ಹೊರಗೆ ಕಳುಹಿಸುವ ಸಾಕೆಟ್) ಕೂಡ ಇದ್ದರೆ ನಾನು ಇಂಟರ್ಫೇಸಿಗೇ ತಾಳ ಒಪ್ಪಿಸುತ್ತೇನೆ. ಆಗ ಅಲ್ಲಿಂದ ಪ್ರಿಆಂಪಿಗೆ ಇನ್ನೊಂದು ಕೇಬಲ್ ಹೋಗಬೇಕು, ಪ್ರಿಆಂಪ್ ‘ಎಕ್ಸ್‌ಟರ್ನಲ್’ನಲ್ಲಿರಬೇಕು. ಲಾಭವೇನೆಂದರೆ, ಬರೀ ಮಿಕ್ಸಿಂಗ್ ಮಾಡುವ ದಿನ ಪ್ರಿಆಂಪನ್ನು ಆಫ್ ಮಾಡಿಟ್ಟರೂ ಕೆಲಸ ನಿಲ್ಲುವುದಿಲ್ಲ.

96 ಕಿಲೋಹರ್ಟ್ಸ್ ಬೇಕೆನ್ನುವವರಿಗೆ ಒಂದು ಮಾತು: ಆ ವೇಗದಲ್ಲಿ ಒಂದು ಏಡ್ಯಾಟ್ ಕೇಬಲ್ ನಾಲ್ಕೇ ಚಾನೆಲ್ ಒಯ್ಯುತ್ತದೆ. ಡ್ರಮ್ಮಿಗೆ 48 ಸಾಕು. ಎಂಟು ಮೈಕನ್ನು ಬಿಟ್ಟು ಆ ವೇಗದ ಬೆನ್ನು ಹತ್ತುವುದು ನನಗೆ ಸರಿಯೆನಿಸುವುದಿಲ್ಲ.

ಮೈಕ್‌ಗಳನ್ನು ಹಂಚುವಾಗ ಜೋಡಿಗಳನ್ನು ಒಡೆಯಬೇಡಿ. ಡ್ರಮ್ಮಿನ ಮೇಲೆ ಎತ್ತರದಲ್ಲಿಡುವ ಓವರ್‌ಹೆಡ್ ಮೈಕ್ ಎರಡೂ ಒಂದೇ ಪೆಟ್ಟಿಗೆಗೆ ಹೋಗಲಿ. ಧ್ವನಿಯನ್ನು ಅಂಕಿಗಳಾಗಿಸಲು ಎರಡು ಯಂತ್ರಗಳು ತೆಗೆದುಕೊಳ್ಳುವ ಸಮಯದಲ್ಲಿ ಕೆಲವು ಸ್ಯಾಂಪಲ್‌ಗಳ ಅಂತರ ಇರಬಹುದು. 48 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ ಎಂದರೆ ಗಾಳಿಯಲ್ಲಿ ಧ್ವನಿ ಸಾಗುವ ಸುಮಾರು ಏಳು ಮಿಲಿಮೀಟರ್. ಹತ್ತು ಸ್ಯಾಂಪಲ್ ವ್ಯತ್ಯಾಸವಾದರೆ ಮೈಕನ್ನು ಏಳು ಸೆಂಟಿಮೀಟರ್ ಹಿಂದೆ ಸರಿಸಿದಂತೆ. ಪರೀಕ್ಷಿಸಲು ಒಂದೇ ಮಾದರಿಯ ಎರಡು ಮೈಕ್‌ಗಳ ತುದಿ ತಾಗಿಸಿ ಹಿಡಿದು, ಒಂದನ್ನು ಇಂಟರ್ಫೇಸಿಗೂ ಇನ್ನೊಂದನ್ನು ಪ್ರಿಆಂಪಿಗೂ ಜೋಡಿಸಿ ಒಮ್ಮೆ ಚಪ್ಪಾಳೆ ತಟ್ಟಿ. ಎರಡು ಟ್ರ್ಯಾಕ್‌ಗಳನ್ನು ಹಿಗ್ಗಿಸಿ ನೋಡಿದರೆ ಅಂತರ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ನನ್ನ ಬಳಿ ಯುಎಸ್‌ಬಿ ಇಂಟರ್ಫೇಸ್ ಎರಡಿವೆ. ಎರಡನ್ನೂ ಒಂದೇ ಕಂಪ್ಯೂಟರಿಗೆ ಹಾಕಿ ಇನ್‌ಪುಟ್ ಹೆಚ್ಚಿಸಬಹುದಲ್ಲವೇ?

ಉತ್ತರ: ಮ್ಯಾಕ್‌ನಲ್ಲಿ ‘ಆಡಿಯೊ ಮಿಡಿ ಸೆಟಪ್’ ಮೂಲಕ ಎರಡನ್ನೂ ಒಂದೇ ಸಾಧನದಂತೆ ಕೂಡಿಸಬಹುದು. ವಿಂಡೋಸ್‌ನಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಎಎಸ್‌ಐಒ ಡ್ರೈವರನ್ನು (ಇಂಟರ್ಫೇಸಿನೊಡನೆ ಮಾತನಾಡುವ ತಂತ್ರಾಂಶವನ್ನು) ಒಪ್ಪಿಕೊಳ್ಳುತ್ತವೆ. ಕೂಡಿಸಿದರೂ ಹರಳುಗಳು ಎರಡಾಗಿಯೇ ಇರುತ್ತವೆ. ಮೇಲೆ ಹೇಳಿದ ವ್ಯತ್ಯಾಸವನ್ನೇ ಹಿಡಿದರೆ ಒಂದು ಗಂಟೆಯಲ್ಲಿ 36 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ಅಷ್ಟಾದರೆ ತಾಳ ತಪ್ಪಿದ್ದು ಯಾರ ಕಿವಿಗಾದರೂ ತಿಳಿಯುತ್ತದೆ. ಮ್ಯಾಕ್‌ನಲ್ಲಿ ‘ಡ್ರಿಫ್ಟ್ ಕರೆಕ್ಷನ್’ ಆಯ್ಕೆ ಇದೆ, ಎರಡನೆಯ ಇಂಟರ್ಫೇಸಿಗೆ ಅದನ್ನು ತಪ್ಪದೆ ಆನ್ ಮಾಡಿ. ಎರಡರಲ್ಲೂ ಸ್ಪಿಡಿಫ್ ಇದ್ದು, ಎರಡನೆಯದು ಕಂಪ್ಯೂಟರಿಲ್ಲದೆಯೂ ತನ್ನ ಮೈಕ್‌ಗಳ ಧ್ವನಿಯನ್ನು ಸ್ಪಿಡಿಫ್‌ಗೆ ಕಳುಹಿಸಬಲ್ಲದಾದರೆ ಇನ್ನೂ ಒಳ್ಳೆಯ ದಾರಿಯಿದೆ: ಅದನ್ನು ಬರೀ ಪ್ರಿಆಂಪಿನಂತೆ ಬಳಸಿ, ಅದರ ಎರಡು ಮೈಕ್‌ಗಳನ್ನು ಸ್ಪಿಡಿಫ್ ಮೂಲಕ ಮೊದಲನೆಯದಕ್ಕೆ ಕೊಡಿ, ಮೊದಲನೆಯದರ ಕ್ಲಾಕನ್ನು ‘ಸ್ಪಿಡಿಫ್’ಗೆ ಇಡಿ. ಸಿಗುವುದು ಎರಡೇ ಚಾನೆಲ್, ಆದರೆ ತಾಳ ಒಂದೇ. ಸ್ಪಿಡಿಫ್ ಬೆಳಕಿನ ಬದಲು ತಂತಿಯಲ್ಲಿ ಸಾಗುವ ಕೊಆಕ್ಸಿಯಲ್ ಸಾಕೆಟ್ ಆಗಿದ್ದರೆ ಅದಕ್ಕೆ 75 ಓಮ್‌ನ ಡಿಜಿಟಲ್ ಕೇಬಲ್ ಬಳಸಿ.

ಪ್ರಶ್ನೆ: ಕ್ಲಾಕ್ ಸರಿಯಾಗಿಯೇ ಇಟ್ಟಿದ್ದೇನೆ. ಆದರೂ ಏಡ್ಯಾಟ್ ಚಾನೆಲ್‌ಗಳು ಆಗಾಗ ಮಾಯವಾಗಿ ಮತ್ತೆ ಬರುತ್ತವೆ.

ಉತ್ತರ: ಕೇಬಲ್ ನೋಡಿ. ಪ್ರಿಆಂಪ್ ಆನ್ ಇರುವಾಗ ಇಂಟರ್ಫೇಸಿನ ಕಡೆಯ ತುದಿಯನ್ನು ಬಿಚ್ಚಿ, ಬೆಳಕನ್ನು ಅಂಗೈ ಮೇಲೆ ಬೀಳಿಸಿ. ಕೆಂಪು ಚುಕ್ಕಿ ದುಂಡಗೆ, ಪ್ರಕಾಶವಾಗಿ ಇರಬೇಕು. ಮಂಕಾಗಿದ್ದರೆ ತುದಿಯಲ್ಲಿ ಧೂಳು ಕೂತಿರಬಹುದು, ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ. ಮೇಜಿನ ಕಾಲಿನ ಬಳಿ ಎಲ್ಲಾದರೂ ಕೇಬಲ್ ಚೂಪಾಗಿ ಮಡಿಸಿಕೊಂಡಿದೆಯೇ ಎಂದು ಕೈಯಾಡಿಸಿ ನೋಡಿ. ಒಳಗಿರುವುದು ಪ್ಲಾಸ್ಟಿಕ್ ಎಳೆ, ಒಮ್ಮೆ ಮುರಿದರೆ ನೆಟ್ಟಗೆ ಮಾಡಿದರೂ ಸರಿಹೋಗುವುದಿಲ್ಲ. ಐದು ಮೀಟರಿಗಿಂತ ಉದ್ದದ್ದಾದರೆ ಚಿಕ್ಕದನ್ನು ಹಾಕಿ ಪರೀಕ್ಷಿಸಿ. ಹೊಸ ಕೇಬಲ್ ಆಗಿದ್ದರೆ ಎರಡೂ ತುದಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ: ಕಣ್ಣಿಗೆ ಕಾಣದಷ್ಟು ಪಾರದರ್ಶಕವಾದ ಪುಟ್ಟ ಟೋಪಿ ಇನ್ನೂ ಅಲ್ಲೇ ಕೂತಿರಬಹುದು.