ಮೈಸೂರು, ಮಂಡ್ಯ ಸೀಮೆಯಲ್ಲಿ ಮೊದಲು ಯಾರ ಹಾಡು ಕೇಳಬೇಕು?

ಹುಬ್ಬಳ್ಳಿಯಿಂದ ಕೆಲಸದ ಮೇಲೆ ಮೈಸೂರಿಗೆ ಬಂದಿರುವುದಾಗಿಯೂ, ಇಲ್ಲಿ ಸಂಗೀತದ ಮಾತೆತ್ತಿದರೆ ಎಲ್ಲರೂ ಅರಮನೆ, ವೀಣೆ, ದಸರಾ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆಂದೂ ನೀವು ಬರೆದಿದ್ದೀರಿ. ಈ ಸೀಮೆಯ ಜನ ನಿಜವಾಗಿ ಹಾಡಿಕೊಳ್ಳುವ, ಇಲ್ಲಿಯವರೇ ಆದ ಗಾಯಕರು ಮತ್ತು ಬ್ಯಾಂಡುಗಳು ಯಾರು, ಯಾರಿಂದ ಆರಂಭಿಸಲಿ ಎಂಬುದು ನಿಮ್ಮ ಪ್ರಶ್ನೆ. ಮಂಡ್ಯದಲ್ಲಿ ನಮ್ಮದು ಮೈಕ್‌ಸೆಟ್ ಅಂಗಡಿ. ತಂದೆಯವರು ಆರಂಭಿಸಿದ ಈ ಕೆಲಸವನ್ನು ಮೂವತ್ತು ವರ್ಷಗಳಿಂದ ನಾನು ನಡೆಸಿಕೊಂಡು ಬಂದಿದ್ದೇನೆ. ಗಣಪತಿ ಪೆಂಡಾಲು, ರಾಜ್ಯೋತ್ಸವದ ರಸಮಂಜರಿ, ಮದುವೆಯ ಓಲಗ, ಹಬ್ಬದ ರಾತ್ರಿಯ ಕಥೆ, ರಾಮನವಮಿಯ ಕಛೇರಿ, ಹೀಗೆ ಎಲ್ಲ ಬಗೆಯ ಹಾಡನ್ನೂ ಆಂಪ್ಲಿಫೈಯರ್ ಪಕ್ಕದಲ್ಲಿ ಕುಳಿತು ಕೇಳಿದ್ದೇನೆ. ನನ್ನ ಉತ್ತರ ಆ ಜಾಗದಿಂದ ಕೇಳಿಸಿದ್ದನ್ನೇ ಆಧರಿಸಿದೆ.

ಮೊದಲು ನಿಮಗೆ ಈಗಾಗಲೇ ಪರಿಚಯವಿರುವ ದನಿಯಿಂದ ಹೊರಡೋಣ. ಶಿಶುನಾಳ ಶರೀಫರು ನಿಮ್ಮ ಕಡೆಯವರು. ಅವರ ಗುಡುಗುಡಿಯ ಪದವನ್ನೂ, ಸೋರುವ ಮಾಳಿಗೆಯ ಪದವನ್ನೂ ಗಿಟಾರ್, ಡ್ರಮ್ಸ್‌ಗಳ ಜೊತೆಗೆ ಹಾಡಿ, ಕನ್ನಡ ಬಾರದ ಊರುಗಳಲ್ಲಿಯೂ ಕುಣಿಸಿದವರು ನಮ್ಮ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಅವರು ಹುಟ್ಟಿದ್ದು ನಾಸಿಕ್‌ನಲ್ಲಿ, 1974ರಲ್ಲಿ. ಆದರೆ ಓದು, ಭರತನಾಟ್ಯದ ಅಭ್ಯಾಸ, ಗಿಟಾರಿನ ಗೀಳು ಎಲ್ಲವೂ ಮೈಸೂರಿನವು. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ಪಡೆದು, ಅದನ್ನು ಬಿಟ್ಟು ಸಂಗೀತಕ್ಕೆ ಬಂದವರು. ಮೊದಲು ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು, ಬಳಿಕ ‘ರಘು ದೀಕ್ಷಿತ್ ಪ್ರಾಜೆಕ್ಟ್’ ರೂಪುಗೊಂಡಿತು. 2008ರಲ್ಲಿ ಮೊದಲ ಆಲ್ಬಂ ಬಂತು; 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸಿಕೊಡುವ ಸಂಗೀತ ಕಾರ್ಯಕ್ರಮದಲ್ಲಿ, ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಅವರು ಹಾಡಿದರು. ಅವರ ತಮ್ಮ ವಾಸು ದೀಕ್ಷಿತ್ ಬೆಂಗಳೂರಿನಲ್ಲಿ 2002ರಲ್ಲಿ ಆರಂಭವಾದ ‘ಸ್ವರಾತ್ಮ’ ತಂಡದ ಮುಖ್ಯ ಗಾಯಕರಾಗಿ ಹೆಸರಾದರು. ಬ್ಯಾಂಡು ಎಂಬ ಶಬ್ದವನ್ನು ಇಂದಿನ ಅರ್ಥದಲ್ಲಿಯೇ ಹಿಡಿಯುವುದಾದರೆ ಈ ಅಣ್ಣತಮ್ಮಂದಿರಿಂದಲೇ ಆರಂಭಿಸಬಹುದು.

ಆದರೆ ಇವರನ್ನು ಕೇಳುವಾಗ ಒಂದು ಸಂಗತಿಯನ್ನು ಗಮನಿಸಿ. ತಾಳ ಎಷ್ಟೇ ಜೋರಾಗಿದ್ದರೂ ರಘು ಅವರ ಹಾಡಿನಲ್ಲಿ ಪದದ ಒಂದಕ್ಷರವೂ ಮುಳುಗುವುದಿಲ್ಲ. ನನ್ನ ಅನುಭವದಲ್ಲಿ ಈ ಸೀಮೆಯ ಕೇಳುಗರು ಸಂಗೀತದಿಂದ ಮೊದಲು ಬಯಸುವುದು ಅದನ್ನೇ. ವಾದ್ಯ ಚೆನ್ನಾಗಿ ಕೇಳಿಸುತ್ತಿಲ್ಲವೆಂದು ಯಾರೂ ಎದ್ದು ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡದ್ದಿಲ್ಲ. ಆದರೆ ಎಕೋ ಸ್ವಲ್ಪ ಹೆಚ್ಚಾಗಿ ಮಾತು ಕಲಸಿಕೊಂಡರೆ ಸಾಕು, ಹಿಂದಿನ ಸಾಲಿನಿಂದ ಹೆಂಗಸರು, ಮುದುಕರೆಲ್ಲ ಕೂಗಿ ಹೇಳುತ್ತಾರೆ. ಈ ಅಭಿರುಚಿಯನ್ನು ನಮಗೆ ಕಲಿಸಿದವರು ತಂಬೂರಿಯ ನೀಲಗಾರರು ಎಂದು ನಾನು ನಂಬಿದ್ದೇನೆ. ನೀವು ನಿಜವಾಗಿ ಆರಂಭಿಸಬೇಕಾದದ್ದೂ ಅವರಿಂದಲೇ.

ನೀಲಗಾರರು ಈ ಸೀಮೆಯ ಜನಪದ ಸಂತ ಮಂಟೇಸ್ವಾಮಿಯ ಪರಂಪರೆಯ ಗಾಯಕರು. ದೀಕ್ಷೆ ಪಡೆದು, ಮಂಟೇಸ್ವಾಮಿ ಮತ್ತು ಶಿಷ್ಯರಾದ ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಮುಂದಾಳು ಗಾಯಕರ ಹೆಗಲ ಮೇಲೆ ತಂಬೂರಿ ಇರುತ್ತದೆ, ಕೈಯಲ್ಲಿ ಗಗ್ಗರ. ಹಿಮ್ಮೇಳದವರ ಬಳಿ ಡಕ್ಕೆ, ದಮ್ಮಡಿ ಎಂಬ ಚರ್ಮವಾದ್ಯಗಳು, ತಾಳ. ನಾಲ್ಕೈದು ಜನರ ಈ ಮೇಳಕ್ಕಿಂತ ಬಿಗಿಯಾದ ಬ್ಯಾಂಡನ್ನು ನಾನು ಕಂಡಿಲ್ಲ. ಹಾಡು ಯಾವಾಗ ಮಾತಾಗುತ್ತದೆ, ಮಾತು ಯಾವಾಗ ಮತ್ತೆ ಹಾಡಾಗುತ್ತದೆ ಎಂಬುದು ಕಣ್ಸನ್ನೆಯಲ್ಲಿಯೇ ನಿರ್ಧಾರವಾಗುತ್ತದೆ. ನಾನು ಹುಡುಗನಾಗಿದ್ದಾಗ ಡಕ್ಕೆಗೆ ಗಾಯಕರಷ್ಟೇ ಎತ್ತರದಲ್ಲಿ ಮೈಕ್ ನಿಲ್ಲಿಸಿದ್ದೆ. ಹಿರಿಯ ನೀಲಗಾರರೊಬ್ಬರು ಹತ್ತಿರ ಕರೆದು, “ವಾದ್ಯ ಹಿಂದ್ಕಿರ್ಲಿ ಕಣಪ್ಪ, ಮಾತು ಮುಂದ್ಕಿರ್ಲಿ” ಎಂದರು. ಇಂದಿಗೂ ಯಾವುದೇ ಕಾರ್ಯಕ್ರಮಕ್ಕೆ ಮೈಕ್ ಕಟ್ಟುವಾಗ ನಾನು ಅದೇ ಲೆಕ್ಕವನ್ನು ಹಿಡಿಯುತ್ತೇನೆ.

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಹೇಳಬೇಕು. ಸಿದ್ದಪ್ಪಾಜಿ ಹಲಗೂರಿಗೆ ಹೋಗಿ ಅಲ್ಲಿಯ ಕಮ್ಮಾರರಾದ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡುವ ಭಾಗ ಅದು. ಹಲಗೂರು ಅಲ್ಲಿಗೆ ದೂರವಿಲ್ಲವಾದ್ದರಿಂದ ಕೇಳುವವರಿಗೆಲ್ಲ ಅದು ತಮ್ಮ ಪಕ್ಕದ ಊರಿನ ಸುದ್ದಿ. ರಾತ್ರಿ ಸುಮಾರು ಎರಡು ಗಂಟೆಗೆ ಕರೆಂಟು ಹೋಯಿತು. ಹಾರನ್ ಸತ್ತುಹೋದರೂ ಗಾಯಕರು ನಿಲ್ಲಲಿಲ್ಲ. ಡಕ್ಕೆಯವರು ಚರ್ಮದ ಮೇಲೆ ಬೆರಳ ತುದಿಯನ್ನಷ್ಟೇ ಆಡಿಸತೊಡಗಿದರು, ತಾಳದವರು ತಾಳವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು. ಹಿಂದೆ ಕುಳಿತಿದ್ದವರು ಚಾಪೆಗಳನ್ನು ಎಳೆದುಕೊಂಡು, ನಿದ್ದೆಹೋದ ಮಕ್ಕಳನ್ನು ಎತ್ತಿಕೊಂಡು, ಮುಂದಕ್ಕೆ ಬಂದು ಮೇಳದ ಸುತ್ತಲೇ ಕುಳಿತರು. ನಾನು ಓಡಿಹೋಗಿ ಜನರೇಟರ್ ಚಾಲೂ ಮಾಡಿ ಬಂದು ಗುಂಡಿ ತಿರುಗಿಸುವಷ್ಟರಲ್ಲಿ, ಊರಿನ ಯಜಮಾನರು ಬೇಡವೆಂದು ಕೈಯೆತ್ತಿ ತೋರಿಸಿದರು. ಆ ಪ್ರಸಂಗ ಮುಗಿಯುವವರೆಗೆ, ಹೆಚ್ಚುಕಡಿಮೆ ಮುಕ್ಕಾಲು ಗಂಟೆ, ಮೈಕ್ ಇಲ್ಲದೆಯೇ ಕಥೆ ನಡೆಯಿತು. ಅಷ್ಟು ಜನರಲ್ಲಿ ಒಬ್ಬರೂ ಕೇಳಿಸುತ್ತಿಲ್ಲವೆಂದು ಹೇಳಲಿಲ್ಲ.

ಈ ಹಾಡುಗಾರಿಕೆಯನ್ನು ಮನೆಮನೆಗೆ ಮುಟ್ಟಿಸಿದ ಹೆಸರು ಮಳವಳ್ಳಿ ಮಹದೇವಸ್ವಾಮಿಯವರದು. ಕ್ಯಾಸೆಟ್ ಕಾಲದಲ್ಲಿ ನಮ್ಮ ಕಡೆಯ ಟೀ ಅಂಗಡಿ, ಖಾಸಗಿ ಬಸ್ಸು, ಟ್ರ್ಯಾಕ್ಟರ್ ಎಲ್ಲದರಲ್ಲಿಯೂ ಅವರ ದನಿಯೇ. ಮಂಟೇಸ್ವಾಮಿ ಮತ್ತು ಮಲೆ ಮಹದೇಶ್ವರರ ಪದಗಳನ್ನು ಅವರಿಂದ ಕಲಿತ ಹೊಸ ಗಾಯಕರು ಮಂಡ್ಯ, ಮೈಸೂರು, ಚಾಮರಾಜನಗರದಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಮಹದೇಶ್ವರನ ಪದಗಳೊಂದಿಗೆ ಹೊಂದಿಕೊಂಡ ಇನ್ನೊಂದು ಕಲೆ ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿ ಗೊಂಡೆ ಇಳಿಬಿಟ್ಟ ಚಪ್ಪಟೆ ತಾಳ. ಅದನ್ನು ಬೀಸಿ, ತಲೆಯ ಮೇಲಿನಿಂದ, ಬೆನ್ನ ಹಿಂದಿನಿಂದ ತಂದು, ಲಯ ತಪ್ಪದಂತೆ ಬಟ್ಟಲಿಗೆ ತಾಕಿಸುವುದನ್ನು ಮಹದೇಶ್ವರನ ದೀಕ್ಷೆ ಪಡೆದ ದೇವರಗುಡ್ಡರು ಚಿಕ್ಕಂದಿನಿಂದಲೇ ಅಭ್ಯಾಸ ಮಾಡುತ್ತಾರೆ. ದಸರಾ ಮೆರವಣಿಗೆಯಲ್ಲಿ ಬೀಸು ಕಂಸಾಳೆಯನ್ನು ನೋಡಬಹುದು. ಆದರೆ ಕುಳಿತು ಹಾಡುವ ಕಂಸಾಳೆ ಮೇಳ ದೊರೆತರೆ ಅದನ್ನು ಬಿಡಬೇಡಿ, ಕಥೆ ಇರುವುದು ಅಲ್ಲಿಯೇ.

ಮಾದಪ್ಪನ, ಅಂದರೆ ಮಹದೇಶ್ವರನ, ಇಂಥದೊಂದು ಪದವೇ ಈಚಿನ ವರ್ಷಗಳಲ್ಲಿ ದೇಶದಾದ್ಯಂತ ಕೇಳಿಬಂದ ‘ಸೋಜುಗಾದ ಸೂಜುಮಲ್ಲಿಗೆ’. ಅದನ್ನು ಕನ್ನಡ ಬಾರದ ಲಕ್ಷಾಂತರ ಜನರಿಗೆ ಮುಟ್ಟಿಸಿದವರಲ್ಲಿ ಅನನ್ಯಾ ಭಟ್ ಮುಖ್ಯರು, ಅವರೂ ಮೈಸೂರಿನವರು. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿಯೂ ಈ ಪದ ಬಂದ ಮೇಲೆ ಅದು ಕರಾವಳಿಯ ಹುಡುಗರ ಬಾಯಲ್ಲಿಯೂ ನಿಂತಿತು. ಮೈಸೂರಿನಲ್ಲಿ ಸಂಗೀತದ ಮನೆತನದಲ್ಲಿಯೇ ಹುಟ್ಟಿದ ವಿಜಯ್ ಪ್ರಕಾಶ್ ಅವರನ್ನು ನಿಮಗೆ ಪರಿಚಯಿಸಬೇಕಾಗಿಲ್ಲ, ಎ.ಆರ್. ರೆಹಮಾನ್ ಅವರ ‘ಜೈ ಹೋ’ ಹಾಡಿನ ದನಿಗಳಲ್ಲಿ ಅವರದೂ ಒಂದು. 2022ರ ‘ಕಾಂತಾರ’ ಚಿತ್ರದ ‘ಸಿಂಗಾರ ಸಿರಿಯೆ’ಯನ್ನು ಇವರಿಬ್ಬರೂ ಸೇರಿ ಹಾಡಿದ್ದಾರೆ. ಆ ವರ್ಷದ ಗಣಪತಿ ಹಬ್ಬದ ಹೊತ್ತಿಗೆ ನಮ್ಮ ಕಡೆಯ ಆರ್ಕೆಸ್ಟ್ರಾಗಳಿಗೆ ಆ ಹಾಡಿನ ಬೇಡಿಕೆ ಶುರುವಾಗಿತ್ತು. ಕರಾವಳಿಯ ಕಥೆಯ ಹಾಡಿಗೆ ಎರಡೂ ಮುಖ್ಯ ದನಿ ಮೈಸೂರಿನವು ಎಂಬುದು ಇಲ್ಲಿಯ ಅನೇಕರಿಗೇ ತಿಳಿಯದು.

ಸಿನಿಮಾದ ಮಾತು ಬಂದ ಮೇಲೆ ರಾಜನ್–ನಾಗೇಂದ್ರರನ್ನು ಬಿಟ್ಟು ಮುಂದೆ ಹೋಗಲು ನನಗೆ ಸಾಧ್ಯವಿಲ್ಲ. ಮೈಸೂರಿನ ಶಿವರಾಂಪೇಟೆಯ ಅಣ್ಣತಮ್ಮಂದಿರು ಇವರು. ತಂದೆ ರಾಜಪ್ಪನವರು ಮೂಕಿ ಚಿತ್ರಗಳಿಗೆ ವಾದ್ಯ ನುಡಿಸಿದವರು. ರಾಜನ್ ಪಿಟೀಲು ಕಲಿತರು, ನಾಗೇಂದ್ರ ಜಲತರಂಗ. 1950ರ ದಶಕದ ಆರಂಭದಲ್ಲಿ ಚಿತ್ರರಂಗಕ್ಕೆ ಬಂದ ಈ ಜೋಡಿ ‘ಗಂಧದ ಗುಡಿ’ (1973), ‘ಎರಡು ಕನಸು’ (1974), ‘ಬಯಲು ದಾರಿ’ (1976), ‘ನಾ ನಿನ್ನ ಬಿಡಲಾರೆ’ (1979) ಮುಂತಾದ ಚಿತ್ರಗಳಿಗೆ ಕೊಟ್ಟ ಹಾಡುಗಳಿಲ್ಲದೆ ಮಂಡ್ಯ ಜಿಲ್ಲೆಯಲ್ಲಿ ಒಂದು ರಸಮಂಜರಿಯೂ ಮುಗಿಯುವುದಿಲ್ಲ. ನವೆಂಬರ್ ತಿಂಗಳಿಡೀ ‘ನಾವಾಡುವ ನುಡಿಯೇ ಕನ್ನಡ ನುಡಿ’ಯನ್ನು ನಾನು ದಿನವೂ ಕೇಳುತ್ತೇನೆ, ಇನ್ನೂ ಬೇಸರ ಬಂದಿಲ್ಲ. ಅವರ ಹಾಡುಗಳನ್ನು ಕೀಬೋರ್ಡ್ ಒಂದನ್ನೇ ಇಟ್ಟುಕೊಂಡು ಹಾಡಿದರೂ ನಿಲ್ಲುತ್ತವೆ. ಇಪ್ಪತ್ತು ವಾದ್ಯ ಇಲ್ಲದೆ ಹೋದರೆ ಕುಸಿದು ಬೀಳುವ ಹಾಡುಗಳನ್ನೂ ವೇದಿಕೆಯಲ್ಲಿ ಕೇಳಿದವನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ. ನಾಗೇಂದ್ರ 2000ದಲ್ಲಿ, ರಾಜನ್ 2020ರಲ್ಲಿ ತೀರಿಕೊಂಡರು. ‘ಬಯಲು ದಾರಿ’ಯ ಹಾಡಿಗೆ ದನಿಯಾದ ಎಸ್. ಜಾನಕಿಯವರು ಆಂಧ್ರದವರಾದರೂ, ತಮ್ಮ ವಿದಾಯದ ಕಛೇರಿಗೆ 2017ರ ಅಕ್ಟೋಬರ್ 28ರಂದು ಮಾನಸಗಂಗೋತ್ರಿಯ ಬಯಲು ರಂಗಮಂದಿರವನ್ನು ಆರಿಸಿಕೊಂಡಿದ್ದನ್ನು ಮೈಸೂರಿನವರು ಹೆಮ್ಮೆಯಿಂದ ನೆನೆಯುತ್ತಾರೆ.

ಇನ್ನು ಭಾವಗೀತೆ. ‘ಮೈಸೂರ ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರು ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರು. ಅವರಂಥ ಕವಿಗಳ ಪದ್ಯಗಳನ್ನು ಪುಸ್ತಕದಿಂದ ಜನರ ಬಾಯಿಗೆ ತಂದವರ ಸಾಲಿನಲ್ಲಿ ಮೈಸೂರು ಅನಂತಸ್ವಾಮಿಯವರ (1936–1995) ಹೆಸರು ದೊಡ್ಡದು. ಅವರು ಹಾಡಿದ, ಅವರ ನಂತರ ಮಗ ರಾಜು ಅನಂತಸ್ವಾಮಿ ಮುಂದುವರಿಸಿದ, ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಹಳೆ ಮೈಸೂರಿನ ಆಡುಮಾತನ್ನು ಅರಿಯಲು ನಿಮಗೆ ಬಹಳ ಸಹಾಯ ಮಾಡುತ್ತವೆ. ಕುವೆಂಪು ಅವರ ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು. ಸಿ. ಅಶ್ವತ್ಥ್ ಅವರ ಧಾಟಿಯೇ ಸರಿಯೆಂದು ವಾದಿಸಿ ಹೈಕೋರ್ಟಿಗೆ ಹೋದವರು ಕಿಕ್ಕೇರಿಯವರೇ ಆದ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ. 2024ರಲ್ಲಿ ಆ ಅರ್ಜಿ ವಜಾ ಆಯಿತು. ಒಂದು ಹಾಡಿನ ಧಾಟಿಗಾಗಿ ನ್ಯಾಯಾಲಯದವರೆಗೆ ಹೋಗುವಷ್ಟು ಪ್ರೀತಿ ಇಲ್ಲಿಯ ಸುಗಮ ಸಂಗೀತಗಾರರಲ್ಲಿದೆ ಎಂಬುದನ್ನು ನಾನು ಗೌರವದಿಂದಲೇ ಹೇಳುತ್ತಿದ್ದೇನೆ. ನನಗೆ ಅನಂತಸ್ವಾಮಿಯವರ ಧಾಟಿ ಇಷ್ಟ. ಶಾಲೆಯ ಮಕ್ಕಳು ಉಸಿರು ಕಟ್ಟದೆ ಹಾಡಬಲ್ಲರು.

ನಿಮ್ಮ ಸಹೋದ್ಯೋಗಿಗಳು ಹೇಳಿದ ಅರಮನೆಯ ಸಂಗೀತವೂ ಇದರಿಂದ ಬೇರೆಯಲ್ಲ. ಆಸ್ಥಾನದ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರು (1866–1931) ಕನ್ನಡದ ದೇವರನಾಮಗಳನ್ನು ಕಛೇರಿಯ ವೇದಿಕೆಗೆ ತಂದವರಲ್ಲಿ ಪ್ರಮುಖರು. ಅವರು ಕಟ್ಟಿಸಿದ ರಾಮಮಂದಿರದಲ್ಲಿ ರಾಮೋತ್ಸವದ ಸಮಯದಲ್ಲಿ ಯಾರು ಬೇಕಾದರೂ ಹೋಗಿ ಕುಳಿತು ಕೇಳಬಹುದು. ಅವರ ಶಿಷ್ಯ ಪಿಟೀಲು ಚೌಡಯ್ಯನವರು 1895ರಲ್ಲಿ ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನಲ್ಲಿ ಹುಟ್ಟಿದರು. ಮೈಕ್ ಇಲ್ಲದ ಆ ಕಾಲದಲ್ಲಿ ಸಭೆಯ ಕೊನೆಯಲ್ಲಿ ಕುಳಿತವರಿಗೂ ನಾದ ಮುಟ್ಟಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಕೂಡಿಸಿ ನುಡಿಸಿದವರು ಅವರು. ನನ್ನ ಕಸುಬಿನವರಿಗೆ ಇದಕ್ಕಿಂತ ಹತ್ತಿರವಾದ ಸಂಗೀತಗಾರ ಮತ್ತೊಬ್ಬರಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿ, ಮುಂದೆ ‘ಆಕಾಶವಾಣಿ’ ಎಂಬ ಹೆಸರು ಪಡೆದು, ಇಂಥ ಸಂಗೀತವನ್ನು ಹಳ್ಳಿಗಳಿಗೆ ತಲುಪಿಸಿತು. ನಮ್ಮ ತಂದೆಯವರಿಗೆ ಚೌಡಯ್ಯನವರು ಗೊತ್ತಿದ್ದದ್ದು ಹೋಟೆಲಿನ ರೇಡಿಯೋದಿಂದಲೇ.

ಎಲ್ಲಿಗೆ ಹೋಗಬೇಕೆಂಬ ಮಾತನ್ನೂ ಸೇರಿಸುತ್ತೇನೆ. ಯುವ ದಸರಾಕ್ಕೆ ಹೊರಗಿನ ದೊಡ್ಡ ಹೆಸರುಗಳು ಬರುತ್ತವೆ, ಸಂತೋಷವಾಗಿ ಹೋಗಿ. ಆದರೆ ಈ ಸೀಮೆಯ ದನಿ ಬೇಕಿದ್ದರೆ ಗಣಪತಿ ಹಬ್ಬದ ತಿಂಗಳಲ್ಲಿ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಕಛೇರಿಗಳಿಗೂ, ಕುವೆಂಪುನಗರದ ಗಾನಭಾರತಿಯ ವೀಣೆ ಶೇಷಣ್ಣ ಭವನಕ್ಕೂ ಹೋಗಿ. ನೀಲಗಾರರನ್ನು ಕೇಳಲು ಜನವರಿಯ ಬನದ ಹುಣ್ಣಿಮೆಗೆ ಚಾಮರಾಜನಗರ ಜಿಲ್ಲೆಯಲ್ಲಿರುವ ಸಿದ್ದಪ್ಪಾಜಿಯ ಕ್ಷೇತ್ರ ಚಿಕ್ಕಲ್ಲೂರಿಗೆ ಹೋಗಬೇಕು. ಮೊದಲ ರಾತ್ರಿ, ಬಿದಿರು ಮತ್ತು ಬಟ್ಟೆಯಿಂದ ಕಟ್ಟಿದ ಚಂದ್ರಮಂಡಲ ಉರಿದ ಮೇಲೆ ಐದು ದಿನ ಜಾತ್ರೆ, ಬಯಲಿನಲ್ಲಿ ಅಲ್ಲಲ್ಲಿ ಕುಳಿತು ಹಾಡುವ ಮೇಳಗಳು ಸಿಗುತ್ತವೆ. ಅಷ್ಟು ದೂರ ಆಗದಿದ್ದರೆ ಶಿವರಾತ್ರಿಯಿಂದ ಯುಗಾದಿಯವರೆಗೆ ಕೆ.ಆರ್. ನಗರದ ಕಡೆ ಕಾವೇರಿ ದಂಡೆಯಲ್ಲಿರುವ ರಾಚಪ್ಪಾಜಿಯ ಕ್ಷೇತ್ರ ಕಪ್ಪಡಿಯಲ್ಲಿ ಜಾತ್ರೆ ನಡೆಯುತ್ತದೆ. ಒಂದು ಕಂಬಳಿ ತೆಗೆದುಕೊಂಡು ಹೋಗಿ, ಸ್ಪೀಕರ್ ಬಾಕ್ಸಿನ ಎದುರು ಕೂರದೆ ತಂಬೂರಿಯವರ ಎಡಗಡೆಗೆ, ಮೇಳಕ್ಕೆ ಹತ್ತಿರವಾಗಿ ಕುಳಿತುಕೊಳ್ಳಿ. ಭಾಷೆಯಲ್ಲಿ ಮೊದಲು ಕೆಲವು ಪದಗಳು ತಿಳಿಯದಿದ್ದರೆ ಪಕ್ಕದಲ್ಲಿ ಕುಳಿತ ಅಜ್ಜಿಯರನ್ನು ಕೇಳಿ. ಕಥೆಯ ಮುಂದಿನ ಭಾಗವನ್ನೂ ಸೇರಿಸಿಯೇ ಹೇಳುತ್ತಾರೆ.