ಮೊದಲ ಸಲ ಡಂಪ್ ಆಯಿತು, ಎರಡನೇ ಸಲ ಆಗಲಿಲ್ಲ

ಈ ತಿಂಗಳು ಬಂದ ಕಾಗದಗಳಲ್ಲಿ ಮೂರು ಒಂದೇ ತೊಂದರೆಯ ಸುತ್ತ ಇವೆ: ಬೋರ್ಡು ಡಿಬಗ್ಗರಿಗೆ (ಕಂಪ್ಯೂಟರಿನಿಂದ ಚಿಪ್ಪಿಗೆ ಕೋಡ್ ತುಂಬುವ, ಪರೀಕ್ಷಿಸುವ ಸಾಧನಕ್ಕೆ) ಸಿಗುತ್ತಿಲ್ಲ. ಮೊದಲನೆಯದಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಇದೇ ಕಾರಣಕ್ಕೆ ಒಳ್ಳೆಯ ಬೋರ್ಡುಗಳು ಕಸಕ್ಕೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಶಿರಸಿಯವಳು, ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ. ಅಡಿಕೆ ಡ್ರೈಯರ್ ಒಳಗಿನ ಬಿಸಿ ಅಳೆದು, ಹೆಚ್ಚಾದರೆ ಹೀಟರ್ ಆಫ್ ಮಾಡುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಎಸ್‌ಟಿಎಂ32 ಚಿಪ್ಪಿನ ಬ್ಲೂ ಪಿಲ್ ಬೋರ್ಡು, ಪೆನ್‌ಡ್ರೈವ್ ಆಕಾರದ ಎಸ್‌ಟಿ-ಲಿಂಕ್ ಡಿಬಗ್ಗರ್. ಮೊದಲು ಎಲ್‌ಇಡಿ ಮಿನುಗಿಸುವ ಕೋಡ್ ಡಂಪ್ ಮಾಡಿದೆ (ಚಿಪ್ಪಿಗೆ ತುಂಬಿದೆ), ಚೆನ್ನಾಗಿ ಮಿನುಗಿತು. ವೇಗ ಬದಲಿಸಿ ಮತ್ತೆ ಡಂಪ್ ಮಾಡಲು ಹೋದರೆ 'ನೋ ಎಸ್‌ಟಿಎಂ32 ಟಾರ್ಗೆಟ್ ಫೌಂಡ್' ಎಂದು ಬರುತ್ತದೆ. ಎಲ್‌ಇಡಿ ಮಾತ್ರ ಹಳೆಯ ವೇಗದಲ್ಲೇ ಮಿನುಗುತ್ತಿದೆ. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಇನ್ನೆರಡು ಬೋರ್ಡು ತರಿಸಿದೆ. ಅವೂ ಹೀಗೇ: ಮೊದಲ ಸಲ ಸರಿ, ಆಮೇಲೆ ಇಲ್ಲ. ನೋಡಿದವರು, ಕೈಯ ಸ್ಟ್ಯಾಟಿಕ್ ವಿದ್ಯುತ್ತಿನಿಂದ ಚಿಪ್ ಹೋಗಿದೆ, ನೀನು ಬೋರ್ಡು ಹಿಡಿಯುವುದೇ ಸರಿಯಿಲ್ಲ ಎನ್ನುತ್ತಾರೆ. ನಾನು ಮೂರು ಬೋರ್ಡು ಸುಟ್ಟೆನಾ?

ಉತ್ತರ: ಇಲ್ಲ ತಂಗಿ, ಒಂದನ್ನೂ ಸುಟ್ಟಿಲ್ಲ. ಮೂರೂ ಬದುಕಿವೆ. ಎಲ್ಲಾದರೂ ಎಸೆದಿದ್ದರೆ ಈಗಲೇ ಹೋಗಿ ಎತ್ತಿಟ್ಟುಕೊಳ್ಳಿ.

ನಾನು ನಿಮ್ಮ ಬೋರ್ಡು ನೋಡಿಲ್ಲ. ಆದರೂ ಇಷ್ಟು ಗಟ್ಟಿಯಾಗಿ ಹೇಳಲು ನಿಮ್ಮ ಕಾಗದದ ಎರಡು ಮಾತು ಸಾಕು. ಎಲ್‌ಇಡಿ ಈಗಲೂ ಮಿನುಗುತ್ತಿದೆ ಎಂದಿದ್ದೀರಿ. ಅಂದರೆ ವಿದ್ಯುತ್ತು ಬರುತ್ತಿದೆ, ಕ್ಲಾಕ್ ಓಡುತ್ತಿದೆ, ಫ್ಲ್ಯಾಶ್‌ನಿಂದ ಕೋಡ್ ಓದಿ ಪ್ರೊಸೆಸರ್ ಕೆಲಸ ಮಾಡುತ್ತಿದೆ. ಸ್ಟ್ಯಾಟಿಕ್ ಚಿಪ್ಪನ್ನು ಕೊಲ್ಲುವುದು ನಿಜ, ಆದರೆ ಮೂರು ಬೋರ್ಡಿನಲ್ಲೂ ಬೇರೇನನ್ನೂ ಮುಟ್ಟದೆ ಡಿಬಗ್ ಪಿನ್ನುಗಳನ್ನಷ್ಟೇ ಆರಿಸಿ ಕೊಲ್ಲುವುದಿಲ್ಲ. ಇನ್ನೊಂದು ಮಾತು, ಪ್ರತಿ ಬೋರ್ಡಿಗೂ ಮೊದಲ ಸಲ ಕೋಡ್ ಹೋಯಿತು ಎಂಬುದು. ಅದೇ ಎಸ್‌ಟಿ-ಲಿಂಕ್, ಅದೇ ನಾಲ್ಕು ಜಂಪರ್ ವೈರು, ಅದೇ ಡ್ರೈವರ್. ವೈರು ತುಂಡಾಗಿದ್ದರೆ ಹೊಸ ಬೋರ್ಡಿಗೂ ಹೋಗುತ್ತಿರಲಿಲ್ಲ. ಮೊದಲ ಡಂಪ್‌ಗೂ ಎರಡನೆಯದಕ್ಕೂ ನಡುವೆ ಬೋರ್ಡಿನಲ್ಲಿ ಬದಲಾದದ್ದು ಒಂದೇ: ಒಳಗೆ ನಿಮ್ಮ ಕೋಡ್ ಬಂದು ಕೂತಿತು. ಬಾಗಿಲು ಹಾಕಿದ್ದು ಅದೇ.

ನಿಮ್ಮ ಬೋರ್ಡಿನ ಎಸ್‌ಟಿಎಂ32ಎಫ್103 ಚಿಪ್ಪಿನಲ್ಲಿ ಡಿಬಗ್ಗರ್ ಒಳಗೆ ಬರುವುದು ಎರಡು ತಂತಿಯಲ್ಲಿ. ಪಿಎ13 ಡೇಟಾ, ಪಿಎ14 ಕ್ಲಾಕ್. ಈ ಪಿನ್ನುಗಳು ಹುಟ್ಟಿನಿಂದ ಡಿಬಗ್ಗರಿಗೇ ಮೀಸಲು, ಆದರೆ ಕೋಡ್ ಬೇಕೆಂದರೆ ಅವನ್ನು ಕಿತ್ತುಕೊಂಡು ಸಾಮಾನ್ಯ ಪಿನ್ನುಗಳನ್ನಾಗಿ ಮಾಡಿಕೊಳ್ಳಬಹುದು. ಚಿಪ್ ಮಾಡಿದವರು ಈ ಅವಕಾಶ ಕೊಟ್ಟದ್ದಕ್ಕೆ ಕಾರಣವಿದೆ. ನಿಮ್ಮ 48 ಕಾಲಿನ ಚಿಪ್ಪಿನಲ್ಲಿ ನಮ್ಮ ಬಳಕೆಗೆ ಸಿಗುವುದು 37 ಪಿನ್. ಡಿಬಗ್ಗರ್ ಜೋಡಿಸುವ ಹಳೆಯ ಜೆಟ್ಯಾಗ್ ಪದ್ಧತಿಗೆ ಅದರಲ್ಲಿ ಐದು ಹೋಗುತ್ತವೆ: ಪಿಎ13, ಪಿಎ14ರ ಜೊತೆಗೆ ಪಿಎ15, ಪಿಬಿ3, ಪಿಬಿ4. ಪಿನ್ ಸಾಲದೆ ಒದ್ದಾಡುವವರಿಗೆ ಅವು ದೊಡ್ಡ ಆಸ್ತಿ.

ನೀವು ಯಾವ ಪಿನ್ನನ್ನೂ ಕೇಳಿಲ್ಲ, ನಿಜ. ನಿಮ್ಮ ಪರವಾಗಿ, ಆರಂಭದ ಕೋಡ್ ತಯಾರಿಸಿಕೊಡುವ ಕ್ಯೂಬ್‌ಎಂಎಕ್ಸ್ ತಂತ್ರಾಂಶ ಅವನ್ನು ಬಿಟ್ಟುಕೊಟ್ಟಿದೆ. ಎಫ್1 ಸರಣಿಯ ಚಿಪ್ ಆರಿಸಿಕೊಂಡಾಗ 'ಸಿಸ್' ಎಂಬ ವಿಭಾಗದಲ್ಲಿ 'ಡಿಬಗ್' ಎಂಬ ಆಯ್ಕೆ ಇರುತ್ತದೆ. ನಾವು ಮುಟ್ಟದಿದ್ದರೆ ಅದು 'ನೋ ಡಿಬಗ್' ಎಂದೇ ಉಳಿಯುತ್ತದೆ. ಆಗ ತಯಾರಾಗುವ ಕೋಡಿನಲ್ಲಿ, ಹೆಸರಿನ ಕೊನೆಗೆ 'ಎಂಎಸ್‌ಪಿ' ಇರುವ ಫೈಲಿನೊಳಗೆ, ಒಂದು ಸಾಲು ತಾನಾಗಿ ಸೇರುತ್ತದೆ. ತೆರೆದು ನೋಡಿ, ರೀಮ್ಯಾಪ್, ಎಸ್‌ಡಬ್ಲ್ಯುಜೆ, ಡಿಸೇಬಲ್ ಎಂಬ ಪದಗಳು ಕೂಡಿಕೊಂಡ ಸಾಲು ಅದು. ಎಲ್‌ಇಡಿ ಮಿನುಗುವುದಕ್ಕೂ ಮೊದಲೇ ಈ ಸಾಲು ಓಡಿ ಮುಗಿದಿರುತ್ತದೆ. ಒಳಗೆ ಹೋದವರು ಚಿಲಕ ಹಾಕಿಕೊಂಡು ಕೆಲಸಕ್ಕೆ ಕೂತಂತೆ. ಹೊರಗೆ ನಿಂತು ಡಿಬಗ್ಗರ್ ಎಷ್ಟು ಬಡಿದರೂ ಕೇಳಿಸುವುದಿಲ್ಲ.

ಈ ಚಿಲಕಕ್ಕೆ ಒಂದು ಗುಣವಿದೆ. ರೀಸೆಟ್ ಆದ ಕೂಡಲೇ ಅದು ತೆರೆದುಕೊಳ್ಳುತ್ತದೆ, ಕೋಡ್ ಮತ್ತೆ ಓಡಿ ಆ ಸಾಲಿಗೆ ಬರುವವರೆಗೆ ತೆರೆದೇ ಇರುತ್ತದೆ. ಆ ಹೊತ್ತು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಆದ್ದರಿಂದ ಹಳೆಯ ಕೋಡ್ ಓಡದ ಹಾಗೆ ನೋಡಿಕೊಂಡರೆ ಕೆಲಸ ಸುಲಭ. ನಿಮ್ಮ ಬೋರ್ಡಿನ ಮೇಲಿರುವ ಎರಡು ಹಳದಿ ಜಂಪರುಗಳು ಅದಕ್ಕೇ ಇವೆ.

ಬೂಟ್0 ಎಂದು ಬರೆದಿರುವ ಜಂಪರನ್ನು 0ಯಿಂದ 1ಕ್ಕೆ ಸರಿಸಿ. ಬೂಟ್1 ಅನ್ನು 0ಯಲ್ಲೇ ಬಿಡಿ. ರೀಸೆಟ್ ಗುಂಡಿ ಒಮ್ಮೆ ಒತ್ತಿ. ಎಲ್‌ಇಡಿ ಮಿನುಗುವುದು ನಿಲ್ಲಬೇಕು. ನಿಂತರೆ ಅರ್ಧ ಗೆದ್ದಂತೆ. ಈಗ ಚಿಪ್ಪು ನಿಮ್ಮ ಕೋಡನ್ನು ಬಿಟ್ಟು, ಕಾರ್ಖಾನೆಯಲ್ಲೇ ಬರೆದಿಟ್ಟ ಬೂಟ್‌ಲೋಡರ್ ಓಡಿಸುತ್ತಿದೆ, ಅದು ಚಿಲಕ ಹಾಕುವುದಿಲ್ಲ. ಚಿಪ್ಪಿಗೆ ಕೋಡ್ ತುಂಬುವ, ಅಳಿಸುವ ಕ್ಯೂಬ್‌ಪ್ರೋಗ್ರಾಮರ್ ತಂತ್ರಾಂಶ ತೆರೆದು ಕನೆಕ್ಟ್ ಒತ್ತಿ, ಸಿಕ್ಕ ಮೇಲೆ ಫುಲ್ ಚಿಪ್ ಇರೇಸ್ ಮಾಡಿ. ಜಂಪರನ್ನು ಮರಳಿ 0ಗೆ ತಂದು ಮತ್ತೆ ರೀಸೆಟ್ ಒತ್ತಿ. ಮೂರೂ ಬೋರ್ಡಿಗೆ ಇಷ್ಟೇ.

ತಡೆಯಿರಿ, ಖುಷಿಯಲ್ಲಿ ಹಳೆಯ ಕೋಡನ್ನೇ ಮತ್ತೆ ಹಾಕಿಬಿಡಬೇಡಿ. ಮೊದಲು ಕ್ಯೂಬ್‌ಎಂಎಕ್ಸ್‌ನಲ್ಲಿ ಆ ಡಿಬಗ್ ಆಯ್ಕೆಯನ್ನು 'ಸೀರಿಯಲ್ ವೈರ್' ಎಂದು ಬದಲಿಸಿ, ಕೋಡ್ ಹೊಸದಾಗಿ ಜನರೇಟ್ ಮಾಡಿ, ಎಂಎಸ್‌ಪಿ ಫೈಲಿನಲ್ಲಿ ಆ ಸಾಲು ಬದಲಾಗಿದೆಯೇ ಎಂದು ಕಣ್ಣಿಟ್ಟು ನೋಡಿ, ಆಮೇಲೆ ಡಂಪ್ ಮಾಡಿ. ಸೀರಿಯಲ್ ವೈರ್ ಇಟ್ಟರೆ ಪಿಎ13, ಪಿಎ14 ಮಾತ್ರ ಡಿಬಗ್ಗರಿಗೆ ಹೋಗುತ್ತವೆ. ಉಳಿದ ಮೂರು ನಿಮ್ಮವೇ.

'ಕನೆಕ್ಟ್ ಅಂಡರ್ ರೀಸೆಟ್' ಮಾಡಿ ಎಂದೂ ಯಾರಾದರೂ ಹೇಳಿಯಾರು. ಅದೂ ಸರಿಯಾದ ದಾರಿಯೇ. ಡಿಬಗ್ಗರ್ ರೀಸೆಟ್ ಪಿನ್ನನ್ನು ಕೆಳಗೆ ಎಳೆದು ಹಿಡಿದು, ಆ ಸ್ಥಿತಿಯಲ್ಲೇ ಒಳಗೆ ಹೊಕ್ಕು, ಮೊದಲ ಸಾಲಿಗೂ ಮುಂಚೆ ಪ್ರೊಸೆಸರನ್ನು ನಿಲ್ಲಿಸುತ್ತದೆ. ಅದಕ್ಕೆ ಐದನೇ ವೈರು ಬೇಕು, ಎಸ್‌ಟಿ-ಲಿಂಕ್‌ನಿಂದ ಬೋರ್ಡಿನ 'ಆರ್' ಪಿನ್ನಿಗೆ. ತೊಂದರೆ ಏನೆಂದರೆ ಪೆನ್‌ಡ್ರೈವ್ ಆಕಾರದ ಅಗ್ಗದ ಎಸ್‌ಟಿ-ಲಿಂಕ್‌ಗಳಲ್ಲಿ ಹಲವದರ ರೀಸೆಟ್ ಪಿನ್ ಎಸ್‌ಟಿಎಂ8 ಚಿಪ್ಪುಗಳಿಗೆ ಮಾತ್ರ ಕೆಲಸ ಮಾಡುತ್ತದೆ, ಎಸ್‌ಟಿಎಂ32ಗೆ ಅಲ್ಲಾಡುವುದೇ ಇಲ್ಲ. ಆಗ ಕೈಯಿಂದ ಮಾಡಬೇಕು: ರೀಸೆಟ್ ಗುಂಡಿ ಒತ್ತಿ ಹಿಡಿದು, ಕನೆಕ್ಟ್ ಕ್ಲಿಕ್ ಮಾಡಿ, ತಕ್ಷಣ ಗುಂಡಿ ಬಿಡುವುದು. ಮೂರು ನಾಲ್ಕು ಸಲಕ್ಕೆ ಸಿಗುತ್ತದೆ. ನಿಮ್ಮ ಕೈಯಲ್ಲಿ ಜಂಪರ್ ಇರುವಾಗ ಆ ಪಾಡು ಯಾಕೆ?

ಇದನ್ನು ಇಷ್ಟು ಬಿಡಿಸಿ ಬರೆಯಲು ನನಗೊಂದು ನೋವಿನ ಕಾರಣವಿದೆ. ಪೀಣ್ಯದ ಒಂದು ಕಾರ್ಖಾನೆಯ ಟೆಸ್ಟ್ ಬೆಂಚಿನಲ್ಲಿ ನಾನಿದ್ದಾಗ, ಮೋಟಾರ್ ಸ್ಟಾರ್ಟರ್ ಬೋರ್ಡುಗಳ ಒಂದು ಕಂತು ಹೀಗೇ ಬಂತು. ಕೋಡ್ ಬರೆದವರು ಪಿನ್ ಸಾಲದೆ ಪಿಎ13ಕ್ಕೆ ರಿಲೇ ಕೊಟ್ಟಿದ್ದರು. ಬೆಂಚಿಗೆ ಬಂದ ಬೋರ್ಡಿಗೆ ಡಿಬಗ್ಗರ್ ಹಾಕಿದರೆ ಉತ್ತರವಿಲ್ಲ. 'ಡೆಡ್' ಎಂದು ಕೆಂಪು ಚೀಟಿ ಅಂಟಿಸಿದವಳು ನಾನೇ, ಹನ್ನೆರಡು ಬೋರ್ಡಿಗೆ. ಬೆಸುಗೆ ಹಾಕುತ್ತಿದ್ದ ಹುಡುಗಿಯನ್ನು ಮೇಲಿನವರು ಕರೆದು ಎಲ್ಲರೆದುರು ಬೈದರು. ವಾರ ಕಳೆದು, ಸ್ಕ್ರ್ಯಾಪ್ ಡಬ್ಬಿಯಿಂದ ಒಂದನ್ನು ಎತ್ತಿ ರೀಸೆಟ್ ಒತ್ತಿ ಹಿಡಿದು ನೋಡಿದೆ. ಸಿಕ್ಕಿತು. ಹನ್ನೆರಡೂ ಸಿಕ್ಕವು. ಆ ಹುಡುಗಿಯ ಬಳಿ ಹೋಗಿ ಕ್ಷಮೆ ಕೇಳಿದೆ, ಆದರೆ ಅವಳು ಕೆಲಸ ಬಿಡುವ ಮನಸ್ಸು ಮಾಡಿಯಾಗಿತ್ತು. ನಿಮಗೆ 'ಹಿಡಿಯುವುದೇ ಸರಿಯಿಲ್ಲ' ಎಂದದ್ದನ್ನು ಓದಿದಾಗ ಅವಳ ಮುಖವೇ ಕಣ್ಣಮುಂದೆ ಬಂತು. ಹಾಗೆ ಹೇಳಿದವರಿಗೆ ಈ ಪುಟ ತೋರಿಸಿ. ಜಂಪರ್ ಸರಿಸಿ, ಅವರೆದುರೇ ಕನೆಕ್ಟ್ ಮಾಡಿ ತೋರಿಸಿ.

ಹೀಟರ್ ವಿಷಯ ಇದ್ದುದರಿಂದ ಇನ್ನೊಂದು ಮಾತು. ಡಿಬಗ್ಗರಿನಲ್ಲಿ ಬ್ರೇಕ್‌ಪಾಯಿಂಟ್ ಹಾಕಿ ನಿಲ್ಲಿಸಿದಾಗ ನಿಲ್ಲುವುದು ಪ್ರೊಸೆಸರ್ ಮಾತ್ರ. ರಿಲೇ ಆನ್ ಆಗಿದ್ದರೆ ಆನ್ ಆಗಿಯೇ ಇರುತ್ತದೆ, ಬಿಸಿ ಎಷ್ಟೇ ಏರಿದರೂ ನಿಮ್ಮ ಕೋಡ್ ಆಫ್ ಮಾಡುವುದಿಲ್ಲ. ಕೋಡ್ ಪರೀಕ್ಷಿಸುವಾಗ ಹೀಟರ್ ಬದಲು ಒಂದು ಬಲ್ಬು ಕಟ್ಟಿಕೊಳ್ಳಿ.

ಪ್ರಶ್ನೆ: ದಾವಣಗೆರೆಯಲ್ಲಿ ಯುಪಿಎಸ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೂ ಪಿಲ್ ತಂದು ಓಪನ್‌ಒಸಿಡಿ ಎಂಬ ಡಿಬಗ್ ತಂತ್ರಾಂಶದಲ್ಲಿ ಹಾಕಿದರೆ ಮೊದಲ ಸಲವೇ 'ಅನ್‌ಎಕ್ಸ್‌ಪೆಕ್ಟೆಡ್ ಐಡಿಕೋಡ್' ಎಂದು 2ಬಿಎ01477 ತೋರಿಸಿ ನಿಲ್ಲುತ್ತದೆ. ವೈರು ಬದಲಿಸಿ ನೋಡಿದೆ.

ಉತ್ತರ: ವೈರು ಬಿಡಿ ಸ್ವಾಮಿ, ಅದು ಸರಿಯಿದೆ. ಚಿಪ್ಪು ತನ್ನ ಗುರುತು ಹೇಳುವಷ್ಟು ಮಾತು ನಡೆದಿದೆ ಎಂದರೆ ಎರಡೂ ತಂತಿ ಕೆಲಸ ಮಾಡುತ್ತಿವೆ. ಅದು ಹೇಳಿದ ಗುರುತು ಬೇರೆ, ಅಷ್ಟೇ. ಅಸಲಿ ಎಸ್‌ಟಿಎಂ32ಎಫ್103 ಹೇಳುವುದು 1ಬಿಎ01477. ನಿಮ್ಮದು ಅದೇ ಕಾಲುಗಳ ಜೋಡಣೆ ಇಟ್ಟುಕೊಂಡು ಬೇರೆಯವರು ಮಾಡಿದ ಚಿಪ್ಪು. ಮೇಲೆ ಯಾವ ಹೆಸರು ಅಚ್ಚಾಗಿದ್ದರೂ ಒಳಗಿನ ಸಂಖ್ಯೆಯನ್ನೇ ನಂಬಿ. ಆದರೆ 2ಬಿಎ01477 ಕಂಡಲ್ಲೆಲ್ಲ ನಕಲಿ ಎನ್ನಬೇಡಿ. ಎಫ್4 ಸರಣಿಯ ಅಸಲಿ ಚಿಪ್ಪುಗಳೂ ಅದನ್ನೇ ಹೇಳುತ್ತವೆ. ಎಫ್103 ಎಂದು ಕೊಟ್ಟದ್ದು ಹಾಗೆ ಹೇಳಿದರೆ ಮಾತ್ರ ಅನುಮಾನ.

ಓಪನ್‌ಒಸಿಡಿಗೆ ಟಾರ್ಗೆಟ್ ಫೈಲ್ ಕೊಡುವ ಮೊದಲು ಚಿಪ್ಪಿನ ಗುರುತು ಬರೆಯುವ 'ಸಿಪಿಯುಟ್ಯಾಪ್‌ಐಡಿ'ಗೆ ನಿಮ್ಮ 2ಬಿಎ01477 ಸಂಖ್ಯೆಯನ್ನೇ ಕೊಟ್ಟರೆ ಅದು ತಕರಾರಿಲ್ಲದೆ ಮುಂದುವರಿಯುತ್ತದೆ. ಅಸಲಿ ಚಿಪ್ ಮಾಡುವ ಎಸ್‌ಟಿ ಕಂಪನಿಯವರ ಸ್ವಂತ ತಂತ್ರಾಂಶ ಕ್ಯೂಬ್‌ಐಡಿಇ ಇಂಥ ಚಿಪ್ಪನ್ನು ತಮ್ಮದಲ್ಲ ಎಂದು ತಿರಸ್ಕರಿಸಬಹುದು. ಅದು ಅವರ ಹಕ್ಕು. ಕಲಿಯಲು, ಮನೆಯ ಪ್ರಯೋಗಕ್ಕೆ ಈ ಬೋರ್ಡು ಇಟ್ಟುಕೊಳ್ಳಿ. ಗಿರಾಕಿಯ ಯುಪಿಎಸ್‌ಗೆ ಹಾಕಬೇಡಿ. ಆರು ತಿಂಗಳ ನಂತರ ಅದು ವಿಚಿತ್ರವಾಗಿ ವರ್ತಿಸಿದರೆ ನೋಡಲು ನಿಮ್ಮ ಬಳಿ ಸರಿಯಾದ ಡೇಟಾಶೀಟ್ ಕೂಡ ಇರುವುದಿಲ್ಲ.

ವೈರಿನ ಮಾತು ಬಂದದ್ದರಿಂದ ಹೇಳುತ್ತೇನೆ: ಮುಂದೆ ಎಂದಾದರೂ ಗುರುತೇ ಬರದಿದ್ದರೆ ಎಸ್‌ಟಿ-ಲಿಂಕ್‌ನ ಅಲ್ಯೂಮಿನಿಯಂ ಕವಚ ಎಳೆದು ತೆಗೆದು, ಒಳಗಿನ ಬೋರ್ಡಿನ ಮೇಲೆ ಅಚ್ಚಾದ ಪಿನ್ ಹೆಸರು ನೋಡಿ. ಕವಚದ ಮೇಲಿನದಕ್ಕೂ ಒಳಗಿನದಕ್ಕೂ ತಾಳೆಯಾಗದ ಮಾದರಿಗಳು ಅಂಗಡಿಗಳಲ್ಲಿವೆ.

ಪ್ರಶ್ನೆ: ತೋಟದ ತೇವಾಂಶ ಅಳೆಯುವ ಬೋರ್ಡು ಬ್ಯಾಟರಿಯಲ್ಲಿ ಓಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ಅಳೆದು ಮತ್ತೆ ಸ್ಟಾಪ್ ಮೋಡ್‌ಗೆ (ವಿದ್ಯುತ್ ಉಳಿಸುವ ನಿದ್ದೆಗೆ) ಹೋಗುತ್ತದೆ. ಡಿಬಗ್ಗರ್ ಕೆಲವೊಮ್ಮೆ ಸಿಗುತ್ತದೆ, ಹೆಚ್ಚಾಗಿ ಇಲ್ಲ. (ತುಮಕೂರಿನಿಂದ ಒಬ್ಬ ಕೃಷಿಕರು)

ಉತ್ತರ: ಬೋರ್ಡು ಎದ್ದಿರುವಾಗ ಸಿಗುತ್ತದೆ, ಮಲಗಿದಾಗ ಇಲ್ಲ. ಸ್ಟಾಪ್ ಮೋಡ್‌ನಲ್ಲಿ ಪ್ರೊಸೆಸರಿನ ಕ್ಲಾಕ್ ನಿಲ್ಲುವುದರಿಂದ ಡಿಬಗ್ಗರಿಗೆ ಉತ್ತರ ಕೊಡುವವರು ಇರುವುದಿಲ್ಲ. ಡಿಬಿಜಿಎಂಸಿಯು ಎಂಬ ರಿಜಿಸ್ಟರಿನಲ್ಲಿ ಸ್ಟಾಪ್ ಮೋಡ್‌ಗೆಂದೇ ಒಂದು ಬಿಟ್ ಇದೆ. ಅದನ್ನು ಹಾಕಿದರೆ ಮಲಗಿದಾಗಲೂ ಡಿಬಗ್ಗರ್ ಸಿಗುತ್ತದೆ, ಆದರೆ ಬ್ಯಾಟರಿ ಬೇಗ ಇಳಿಯುತ್ತದೆ. ತೋಟಕ್ಕೆ ಒಯ್ಯುವ ಕೋಡಿನಲ್ಲಿ ಆ ಬಿಟ್ ತೆಗೆದುಹಾಕಲು ಮರೆಯಬೇಡಿ. ನಾನು ಮಾಡುವುದು ಇನ್ನೂ ಸರಳ: ಪವರ್ ಕೊಟ್ಟ ಮೇಲೆ ಮೊದಲ ನಿದ್ದೆಗೆ ಮುಂಚೆ ಐದು ಸೆಕೆಂಡು ಕಾಯುವಂತೆ ಕೋಡಿನಲ್ಲೇ ಬರೆಯುತ್ತೇನೆ. ಬ್ಯಾಟರಿ ತೆಗೆದು ಮತ್ತೆ ಹಾಕಿ, ಆ ಐದು ಸೆಕೆಂಡಿನೊಳಗೆ ಕನೆಕ್ಟ್ ಒತ್ತಿದರಾಯಿತು. ಈಗ ಒಳಗಿರುವ ಕೋಡಿನಲ್ಲಿ ಆ ಕಾಯುವಿಕೆ ಇಲ್ಲವಾದ್ದರಿಂದ, ಈ ಒಂದು ಸಲ ಮಾತ್ರ ಮೇಲೆ ಹೇಳಿದ ಹಾಗೆ ಬೂಟ್0 ಜಂಪರ್ ಸರಿಸಿ ಒಳಗೆ ಹೋಗಬೇಕಾಗುತ್ತದೆ.