ದೇವರಿಲ್ಲದೆ ಕುಡಿತ ಬಿಡಬಹುದು, ಡಾಕ್ಟರ್ ಇಲ್ಲದೆ ಬೇಡ

ಪ್ರಶ್ನೆ: ನನಗೆ 41 ವರ್ಷ, ಹುಬ್ಬಳ್ಳಿಯವನು. ದಿನಾ ರಾತ್ರಿ ಒಂದು ಹಾಫ್ ಬೇಕೇ ಬೇಕು. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ. ಅವ್ವ ಮಂಜುನಾಥನ ಮೇಲೆ ಆಣೆ ಮಾಡು ಅನ್ನುತ್ತಾಳೆ, ಗೆಳೆಯರು ಅಯ್ಯಪ್ಪನ ಮಾಲೆ ಹಾಕು ಅನ್ನುತ್ತಾರೆ. ನನಗೆ ದೇವರಲ್ಲಿ ನಂಬಿಕೆ ಇಲ್ಲ. ಕುಡಿತ ಬಿಡುವವರ ಗುಂಪು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗೆ ಹೋದೆ, ಅಲ್ಲೂ ದೇವರ ಮಾತು ಬಂತು, ಬಿಟ್ಟೆ. ಈಚೆಗೆ ಪ್ರಾಚೀನ ಗ್ರೀಕ್, ರೋಮನ್ನರ ಸ್ಟೋಯಿಕ್ ತತ್ವಜ್ಞಾನ ಓದುತ್ತಿದ್ದೇನೆ. ನಮ್ಮ ಕೈಯಲ್ಲಿ ಇರುವುದರ ಮೇಲಷ್ಟೇ ಗಮನ ಇಡು ಅನ್ನುವ ಅದರ ಮಾತು ತುಂಬಾ ಹಿಡಿಸಿದೆ. ಬರುವ ಒಂದನೇ ತಾರೀಕಿನಿಂದ ಅದರ ಬಲದಲ್ಲೇ ಪೂರ್ತಿ ನಿಲ್ಲಿಸಬೇಕು ಅಂತಿದ್ದೇನೆ. ಆಗುತ್ತದಾ? ಹೆಂಡತಿಗೆ ಏನು ಹೇಳಲಿ?

ಉತ್ತರ: ಮೊದಲು ಆ ಕೈನಡುಕದ ವಿಷಯ. ನಿಮ್ಮ ದೇಹ ಹೆಂಡಕ್ಕೆ ಒಗ್ಗಿಹೋಗಿದೆ ಅನ್ನುವುದಕ್ಕೆ ಅದೇ ಗುರುತು. ಹೀಗಿರುವಾಗ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು. ಕೆಲವರಿಗೆ ಮತಿ ಕದಡಿ, ಇಲ್ಲದ್ದೆಲ್ಲ ಕಾಣಿಸತೊಡಗುತ್ತದೆ. ಜೀವಕ್ಕೇ ಅಪಾಯ. ಮನೆಯಲ್ಲಿ ಒಬ್ಬರೇ ಇದ್ದು ಇದನ್ನು ಮಾಡಬೇಡಿ. ಒಂದನೇ ತಾರೀಕಿನವರೆಗೆ ಕಾಯುವುದೂ ಬೇಡ, ಈ ವಾರವೇ ವೈದ್ಯರನ್ನು ನೋಡಿ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಹೋಗಲು ಹಿಂಜರಿಕೆಯಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ನಡುಕ ಇಳಿಸಲು, ಮುಂದೆ ಕುಡಿಯುವ ಆಸೆ ತಗ್ಗಿಸಲು ಔಷಧಿಗಳಿವೆ. ಔಷಧಿ ತೆಗೆದುಕೊಂಡರೆ ಮನೋಬಲ ಸೋತಿತು ಅಂದುಕೊಳ್ಳಬೇಡಿ. ಡಾಕ್ಟರ ಬಾಗಿಲು ತಟ್ಟುವುದು ನಿಮ್ಮ ಕೈಯಲ್ಲೇ ಇರುವ ಕೆಲಸ ತಾನೇ?

ಇನ್ನು ನಿಮ್ಮ ಸ್ಟೋಯಿಕರು. ಆಗುತ್ತದಾ ಅಂತ ಕೇಳಿದ್ದೀರಿ. ನನಗೆ ಇದರಲ್ಲಿ ನಿಜಕ್ಕೂ ನಂಬಿಕೆ ಇದೆ. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ನಮ್ಮ ಯೋಚನೆಗಳನ್ನು ಪ್ರಶ್ನಿಸಿ ತಿದ್ದಿಕೊಳ್ಳುವ ಹೊಸ ಚಿಕಿತ್ಸೆಯೊಂದನ್ನು ಕಟ್ಟಿದಾಗ, ಅದರ ಬೇರು ಸ್ಟೋಯಿಕ್ ಗುರು ಎಪಿಕ್ಟೆಟಸ್‌ನಲ್ಲಿದೆ ಎಂದು ತಾವೇ ಹೇಳಿದ್ದರು. ಅದೇ ಚಿಕಿತ್ಸೆಯನ್ನು ಬಳಸುವ, ದೇವರ ಪ್ರಸ್ತಾಪ ಇಲ್ಲದ ‘ಸ್ಮಾರ್ಟ್ ರಿಕವರಿ’ ಗುಂಪು 1994ರಿಂದ ಇದೆ. ಅವರ ಸಭೆಗಳು ಆನ್‌ಲೈನಿನಲ್ಲೂ ನಡೆಯುತ್ತವೆ.

ಎಪಿಕ್ಟೆಟಸ್ ಗುಲಾಮನಾಗಿ ಹುಟ್ಟಿದವನು. ಅವನು ತಾನಾಗಿ ಏನೂ ಬರೆಯಲಿಲ್ಲ, ಶಿಷ್ಯ ಅರ್ರಿಯನ್ ಬರೆದಿಟ್ಟ ಪಾಠಗಳು ಉಳಿದಿವೆ. ಅದರಲ್ಲಿ ಅಭ್ಯಾಸಗಳ ಬಗ್ಗೆ ಒಂದು ಪಾಠವಿದೆ. ಸಿಟ್ಟು ಬಿಡಬೇಕಾ? ಅದಕ್ಕೆ ಮೇವು ಹಾಕಬೇಡ, ಸಿಟ್ಟಾಗದ ದಿನಗಳನ್ನು ಎಣಿಸು ಅನ್ನುತ್ತಾನೆ. ಮೊದಲು ದಿನಾ ಬರುತ್ತಿತ್ತು, ಆಮೇಲೆ ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ. 30 ದಿನ ದಾಟಿದರೆ ದೇವರಿಗೆ ಪೂಜೆ ಸಲ್ಲಿಸು ಅನ್ನುತ್ತಾನೆ. ಹೌದು, ಅವನು ದೇವರನ್ನು ನಂಬಿದವನೇ. ಆದರೆ ಎಣಿಸುವುದಕ್ಕೆ ದೇವರು ಬೇಕಿಲ್ಲ. ನಿಮ್ಮ ಎಣಿಕೆ ‘ಕುಡಿಯದ ದಿನ’ಗಳದ್ದಾಗಲಿ, ವೈದ್ಯರು ಹೇಳಿದ ದಿನದಿಂದ ಶುರುವಾಗಲಿ. ಅವ್ವ ಸಂತೋಷಕ್ಕೆ ದೀಪ ಹಚ್ಚಿದರೆ ಹಚ್ಚಲಿ, ತಡೆಯಬೇಡಿ.

ಅದೇ ಪಾಠದ ಇನ್ನೊಂದು ಮಾತು ಸಂಜೆ ಹೊತ್ತಿಗೆ ನಿಮಗೆ ಜಾಸ್ತಿ ಬೇಕಾಗುತ್ತದೆ. ಮನಸ್ಸಿಗೆ ಏನಾದರೂ ನುಗ್ಗಿ ಬಂದಾಗ, ‘ಸ್ವಲ್ಪ ನಿಲ್ಲು, ನೀನು ಯಾರು, ಏನು ಹೇಳುತ್ತಿದ್ದೀಯ, ನೋಡೋಣ’ ಎಂದು ಕೇಳಬೇಕಂತೆ. ಆಫೀಸು ಬಿಟ್ಟು ಬರುವಾಗ ಬಾರ್ ಕಂಡ ಕೂಡಲೇ ‘ಇವತ್ತು ಸಾಕಾಗಿದೆ, ಒಂದು ಹಾಕದಿದ್ದರೆ ಆಗಲ್ಲ’ ಅಂತ ಒಳಗೆ ಏಳುತ್ತದಲ್ಲ, ಅದನ್ನು ಬರೆದು ಕೇಳಿ. ಸಾಕಾಗಿದ್ದು ನಿಜ. ಹಾಕದಿದ್ದರೆ ಆಗಲ್ಲ ಅನ್ನುವುದು ನಿಜವಾ? ಆಸೆ ಏಳುವುದು ನಿಮ್ಮ ಕೈಯಲ್ಲಿಲ್ಲ, ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಒಪ್ಪುವುದು, ಬಿಡುವುದು ನಿಮ್ಮದು. ಅಲ್ಲೇ ನಿಂತು ವಾದ ಮಾಡಬೇಡಿ ಮತ್ತೆ, ಬೇರೆ ದಾರಿಯಲ್ಲಿ ಮನೆಗೆ ನಡೆಯಿರಿ. ತತ್ವ ಓದಿದವರಿಗೆ ಒಂದು ಹುಂಬ ಧೈರ್ಯ ಬರುತ್ತದೆ, ಬಾರಿನಲ್ಲಿ ಕೂತು ಸೋಡಾ ಕುಡಿದು ತೋರಿಸುತ್ತೇನೆ ಅಂತ. ದಯವಿಟ್ಟು ಆ ಪರೀಕ್ಷೆ ಬೇಡ.

ಜಾರಿದರೆ? ಅದಕ್ಕೂ ಅವನಲ್ಲಿ ಉತ್ತರವಿದೆ. ಒಲಿಂಪಿಕ್ಸ್‌ನಲ್ಲಿ ಸೋತವನು ನಾಲ್ಕು ವರ್ಷ ಕಾಯಬೇಕು, ನೀನು ಕಾಯಬೇಕಿಲ್ಲ, ಎದ್ದ ಕೂಡಲೇ ಮತ್ತೆ ಕಣಕ್ಕೆ ಇಳಿಯಬಹುದು ಅನ್ನುತ್ತಾನೆ. ಒಂದು ರಾತ್ರಿ ಕುಡಿದೆ, ಇನ್ನೇನು ಹಾಳಾಯಿತಲ್ಲ ಎಂದು ವಾರವಿಡೀ ಕುಡಿಯುವವರನ್ನು ಉಳಿಸುವ ಮಾತು ಇದು. ಬೆಳಿಗ್ಗೆಯೇ ಡಾಕ್ಟರಿಗೆ ಹೇಳಿ.

ಎಎ ಸಭೆಯನ್ನು ಪೂರ್ತಿ ತಳ್ಳಿಹಾಕಬೇಡಿ. ನಿಮ್ಮ ಹಾಗೇ ಕೈ ನಡುಗಿದ್ದವರು ಎದುರಿಗೆ ಕೂತು ಮಾತಾಡುವುದಕ್ಕೆ ಯಾವ ಪುಸ್ತಕವೂ ಸಮವಲ್ಲ. ಪ್ರಾರ್ಥನೆ ಹೊತ್ತಿಗೆ ಸುಮ್ನೆ ಕೂತಿರಿ.

ಇನ್ನು ನಿಮ್ಮ ಮನೆಯವರು. ಫೋನಿನಲ್ಲಿ ಎಪಿಕ್ಟೆಟಸ್ ಬೇಡ, ಆಣೆ ಮಾತೂ ಬೇಡ, ಆಣೆಗಳನ್ನು ಅವರು ಬೇಕಾದಷ್ಟು ಕೇಳಿರುತ್ತಾರೆ. ‘ಇಂಥ ದಿನ ಆಸ್ಪತ್ರೆಗೆ ಹೋಗುತ್ತಿದ್ದೇನೆ, ಬರಬೇಕು ಅಂತ ಕೇಳುತ್ತಿಲ್ಲ, ಗೊತ್ತಿರಲಿ ಅಂತ ಹೇಳಿದೆ’ ಅನ್ನಿ. ಅವರು ಯಾವಾಗ ವಾಪಸ್ ಬರುತ್ತಾರೆ, ಬರುತ್ತಾರಾ ಅನ್ನುವುದು ಅವರಿಗೆ ಬಿಟ್ಟದ್ದು. ಮಗಳು ಫೋನ್ ತೆಗೆದುಕೊಂಡರೆ ಸ್ಕೂಲಿನ ವಿಷಯ ಕೇಳಿ, ಅವಳು ಹೇಳಿದಷ್ಟು ಹೊತ್ತು ಕೇಳಿಸಿಕೊಳ್ಳಿ.